ಕಾನ್‌ಸ್ಟಾಂಟಿನೋಪಲ್ಲಿಗೆ ಮೆಣಸಿನಕಾಯಿ ಬಂದದ್ದು

ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ, ಅದೂ ಧಾರವಾಡದ ಹತ್ತಿರದ ಒಂದು ಊರಿನ ಕನ್ನಡ ಶಾಲೆಯಲ್ಲಿ. ಐದನೆಯದಕ್ಕೆ ಹೋಗಬೇಕಾದರೆ ಹಳ್ಳ ದಾಟಬೇಕಿತ್ತು. ಹುಡುಗಿಯರನ್ನು ಹಳ್ಳ ದಾಟಿಸುವಷ್ಟು ಪುರುಸೊತ್ತು ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅದಕ್ಕಾಗಿ ನಾನು ಅತ್ತದ್ದು ನೆನಪಿಲ್ಲ. ಲೆಕ್ಕ ಬರುತ್ತದೆ, ಕನ್ನಡ ಓದಲು ಬರುತ್ತದೆ. ಪುಣೆಗೆ ಬಂದು ನಲವತ್ತು ವರ್ಷ ಬಸ್ಸಿನ ಫಲಕ, ಎಣ್ಣೆ ಡಬ್ಬಿಯ ಮೇಲಿನ ಚೀಟಿ, ಸೊಸೈಟಿಯ ನೋಟಿಸು ಓದಿ ಓದಿ ಮರಾಠಿಯೂ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಲು ಬಂದಿದೆ. ಸಾವಕಾಶ ಓದುತ್ತೇನೆ, ಆದರೆ ಒಂದು ಅಕ್ಷರವನ್ನೂ ಬಿಡುವುದಿಲ್ಲ.

ಇದು ನನ್ನ ಸೊಸೆಗೆ ಗೊತ್ತಿತ್ತು. ಅದಕ್ಕೇ ಕಳೆದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ದಪ್ಪನೆಯ ಪುಸ್ತಕವೊಂದನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ಜಗತ್ತಿನ ಇತಿಹಾಸ. ಪ್ರಾಚೀನ ಕಾಲ ಮತ್ತು ಮಧ್ಯಯುಗ, ಎಲ್ಲ ಮರಾಠಿಯಲ್ಲಿ.

“ಅತ್ಯಾರ, ಇದನ್ನ ಹಿಡಕೊಂಡು ಕೂಡ್ರಿ. ನಾ ಬಾಯಿಪಾಠ ಹೇಳತೀನಿ, ತಪ್ಪಿದರ ತಡೀರಿ.”

“ನನಗೇನ್ ತಿಳೀತದ ಅದರಾಗ?”

“ತಿಳಿಯೋದು ಬ್ಯಾಡ್ರಿ. ತಪ್ಪು ಹಿಡಿಯೋದ್ರಾಗ ನೀವು ಭಾಳ ಶಾಣ್ಯಾರಿದ್ದೀರಿ. ಹದಿನೆಂಟು ವರ್ಷದಿಂದ ನೋಡಾಕತ್ತೀನಲ್ಲ.”

ಹಾಗೆಂದರೂ ನಾನು ಪುಸ್ತಕ ಹಿಡಿದೆ. ಯಾಕೆಂದರೆ ವಿಷಯ ಹಗುರದ್ದಾಗಿರಲಿಲ್ಲ. ಅವಳು ನಮ್ಮ ಬಡಾವಣೆ ಕೊಂಢವಾದಲ್ಲೇ ಒಂದು ಸಣ್ಣ ಶಾಲೆಯ ಬಾಲವಾಡಿಯಲ್ಲಿ ಆರು ವರ್ಷದಿಂದ ಮಕ್ಕಳ ಮೂಗು ಒರೆಸುತ್ತಿದ್ದಳು. ಪಾಠವನ್ನೂ ಅವಳೇ ಹೇಳುತ್ತಿದ್ದಳು, ಆದರೆ ಹೆಸರಿಗೆ ಮಾತ್ರ ಸಹಾಯಕಿ. ಜೂನಿನಲ್ಲಿ ಶಾಲೆ ತೆರೆಯುವುದರೊಳಗೆ ಬಿ.ಎ. ಕೈಗೆ ಬಂದರೆ ಅವಳನ್ನೇ ಶಿಕ್ಷಕಿಯಾಗಿ ತೆಗೆದುಕೊಳ್ಳುವುದಾಗಿ ದೊಡ್ಡ ಮೇಡಮ್ ಹೇಳಿದ್ದರು. ಬಾರದಿದ್ದರೆ ಬೇರೆಯವರನ್ನು ನೋಡಿ ಇಟ್ಟಿದ್ದರು. ಮನೆಯಲ್ಲೇ ಕೂತು ಓದಿ ಕಟ್ಟುವ ಬಿ.ಎ. ಅದು. ಎಲ್ಲ ವಿಷಯವೂ ಆಗಿತ್ತು, ಇದೊಂದು ಇತಿಹಾಸ ಬಿಟ್ಟು. ಹಿಂದಿನ ಸಲ ಆರು ಗುಣ ಕಡಿಮೆ ಬಿದ್ದು ನಪಾಸಾಗಿದ್ದಳು.

ಮೊದಲ ದಿನವೇ ನನಗೆ ಸಿಟ್ಟು ಬಂತು. “ಇದೇನಿದು? ಮೂರು ಸಾವಿರ ಮೊದಲ ಬಂತು, ಐನೂರು ಆಮ್ಯಾಲ ಬಂತು. ಇಸವಿ ಹಿಂದಕ್ಕ ನಡದಾವೇನು?”

“ಅವು ಕ್ರಿಸ್ತಪೂರ್ವ ರೀ. ಉಲ್ಟಾ ಎಣಸಬೇಕು. ಅಲ್ಲೇ ನಾನೂ ತಪ್ಪತೀನಿ. ಹೋದ ಸಲ ಗ್ರೀಸನ್ನ ಒಯ್ದು ಈಜಿಪ್ಟಿನ ಪಿರಮಿಡ್ಡಿನ ಮುಂದ ಇಟ್ಟು ಬಂದೆ.”

ಆವತ್ತು ನಾನು ಸಾಬೂದಾಣಿ ಸಂಡಿಗೆ ಹಾಕಿದ್ದೆ. ಗಚ್ಚಿಯ ಮೇಲೆ ಒಣಗಲು ಬಿಟ್ಟು, ಪಾರಿವಾಳ ಕಾಯುತ್ತ ನೀರಿನ ಟಾಕಿಯ ನೆರಳಲ್ಲಿ ಇಬ್ಬರೂ ಕೂತಿದ್ದೆವು. ಸ್ವಲ್ಪ ಹೊತ್ತು ವಿಚಾರ ಮಾಡಿ ಹೇಳಿದೆ: “ಲಗ್ನ ಗೊತ್ತಾದ ಮ್ಯಾಲೆ ಹೆಂಗ ಎಣಸ್ತೀವಿ? ಇನ್ನ ಮೂವತ್ತು ದಿನ, ಇನ್ನ ಹತ್ತು ದಿನ, ಇನ್ನ ನಾಲ್ಕು ದಿನ. ಎಣಿಕಿ ಇಳದಂಗ ಲಗ್ನ ಹತ್ರ ಬರತದ. ಲಗ್ನ ಆದ ಮ್ಯಾಲೆ ಒಂದನೇ ವರ್ಷ, ಎರಡನೇ ವರ್ಷ ಅಂತ ಏರತದ. ಇದೂ ಹಂಗ ಅದ, ತೊಗೋ. ಮೂರು ಸಾವಿರ ಅಂದ್ರ ಇನ್ನ ವರನ್ನೂ ನೋಡಿಲ್ಲ. ಐನೂರು ಅಂದ್ರ ಸಾಮಾನು ತರಲಿಕ್ಕೆ ಹೊಂಟಾರ.”

ಅವಳು ಗಕ್ಕನೆ ನಕ್ಕಳು. ಆಮೇಲೆ ಹೇಳಿದಳು, “ನನ್ನ ಲಗ್ನಕ್ಕ ನಾಲ್ಕು ದಿನ ಇದ್ದಾಗ ನಾ ಹಾಲ್ ಟಿಕೆಟ್ ಹಿಡಕೊಂಡು ಕೂತಿದ್ದೆ, ಅತ್ಯಾರ.”

ನಗುತ್ತಲೇ ಹೇಳಿದಳು. ಆದರೆ ಹೇಳಿದಳು.

ಅದು ನಿಜ. ಅವಳು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಗ ಮುಹೂರ್ತ ತೆಗೆಸಿದವಳು ನಾನು. ಭಟ್ಟರು ಎರಡು ದಿನ ಹೇಳಿದ್ದರು. ಒಂದು ಅವಳ ಇತಿಹಾಸದ ಪರೀಕ್ಷೆಯ ದಿನ, ಇನ್ನೊಂದು ಅದರ ಮುಂದಿನ ತಿಂಗಳಿನದು. ಮುಂದಿನ ತಿಂಗಳು ಮಂಗಲ ಕಾರ್ಯಾಲಯ ಸಿಗುವುದಿಲ್ಲವೆಂದು ನಾನು ಮೊದಲನೆಯದಕ್ಕೇ ಹೂಂ ಅಂದೆ. ಅವಳ ಅಪ್ಪ ಪರೀಕ್ಷೆಯ ಮಾತು ತೆಗೆದರು. ನಾನು ಹೇಳಿದ್ದು ಇವತ್ತಿಗೂ ನೆನಪಿದೆ: “ಇತಿಹಾಸ ಎಲ್ಲಿಗೆ ಓಡಿ ಹೋಗತದ್ರಿ? ಮುಂದಿನ ವರ್ಷನೂ ಅಲ್ಲೇ ಇರತದ.” ಮುಂದಿನ ವರ್ಷ ಮೊಮ್ಮಗಳು ಹುಟ್ಟಿದಳು. ಇತಿಹಾಸ ಮಾತ್ರ ನಾನು ಹೇಳಿದಂತೆಯೇ ಎಲ್ಲಿಗೂ ಓಡಲಿಲ್ಲ, ಹದಿನೆಂಟು ವರ್ಷ ಬಿಟ್ಟು ಬಂದು ನನ್ನ ತೊಡೆಯ ಮೇಲೆಯೇ ಕೂತಿತು.

ಕ್ಷಮೆ ಗಿಮೆ ಕೇಳುವ ರೂಢಿ ನನಗಿಲ್ಲ. ಮರುದಿನದಿಂದ ಮಧ್ಯಾಹ್ನದ ನಿದ್ದೆ ಬಿಟ್ಟೆ.

ಓದುತ್ತ ಓದುತ್ತ ನನಗೇ ರುಚಿ ಹತ್ತಿತು. ಈಜಿಪ್ಟಿನವರು ಸತ್ತವರ ಜೊತೆ ಧಾನ್ಯ, ಮಡಕೆ, ಮಂಚ ಎಲ್ಲ ಇಟ್ಟು ಹುಗಿಯುತ್ತಿದ್ದರಂತೆ. ನನ್ನ ಅತ್ತೆ ಬದುಕಿದ್ದಾಗಲೇ ಅಷ್ಟು ಕೇಳುತ್ತಿದ್ದಳು. ಕಣ್ಣಿಗೆ ಕಣ್ಣು ಎಂಬ ಬ್ಯಾಬಿಲೋನಿನ ಕಾಯದೆಯನ್ನು ನಮ್ಮ ಕಟ್ಟಡದ ಪಾರ್ಕಿಂಗಿಗೆ ತಂದರೆ ಒಂದೇ ವಾರದಲ್ಲಿ ಎಲ್ಲರೂ ಕುರುಡರಾಗುತ್ತಾರೆ. ಯುರೋಪಿನವರು ಇನ್ನೂರು ವರ್ಷ ಧರ್ಮಯುದ್ಧ ಮಾಡಿ ಸಕ್ಕರೆಯ ರುಚಿ ಕಲಿತು ಮನೆಗೆ ಹೋದರು ಎಂದು ಸೊಸೆ ಒಪ್ಪಿಸಿದಾಗ, “ಅಷ್ಟಕ್ಕ ಅಷ್ಟು ದೂರ ಯಾಕ ಹೋದರು, ಬಾರಾಮತಿ ಸಕ್ಕರಿ ಕಾರಖಾನಿಗೆ ಬಂದಿದ್ದರ ಗಾಡಿಗಟ್ಟಲೆ ಸಿಗತಿತ್ತು” ಅಂದೆ.

ರೋಮ್ ಸಾಮ್ರಾಜ್ಯ ಎರಡಾದದ್ದು ಅವಳಿಗೆ ತಲೆಗೆ ಹೋಗುತ್ತಿರಲಿಲ್ಲ. ನನಗೆ ತಟ್ಟನೆ ತಿಳಿಯಿತು. ಅಣ್ಣತಮ್ಮಂದಿರ ಪಾಲು. ಪಶ್ಚಿಮದವನಿಗೆ ಹಳೆಯ ಮನೆ ಬಂತು, ಸೋರುವ ಮಾಳಿಗೆ, ಬಾಗಿಲಲ್ಲಿ ದಿನಾ ಜಗಳಗಂಟರು. ಪೂರ್ವದವನಿಗೆ ಪೇಟೆಯ ಅಂಗಡಿ ಬಂತು. ಹಳೆಯ ಮನೆ ಬೇಗ ಬಿತ್ತು, ಅಂಗಡಿ ಇನ್ನೂ ಸಾವಿರ ವರ್ಷ ನಡೆಯಿತು. “ಇಷ್ಟ ಏನ್ರಿ?” ಅಂದಳು. “ಇಷ್ಟ. ಇದನ್ನ ಬರಿಯಾಕ ಅವರಿಗೆ ಹದಿನಾಲ್ಕು ಪುಟ ಬೇಕಾಗ್ಯಾವ” ಅಂದೆ.

ಆದರೂ ಕಾರಣಗಳು, ಪರಿಣಾಮಗಳು ಎಂಬ ದೊಡ್ಡ ಪ್ರಶ್ನೆಗಳಲ್ಲಿ ಅವಳು ಎಡವುತ್ತಿದ್ದಳು. ಮೂರು ಹೇಳಿದರೆ ನಾಲ್ಕನೆಯದು ಹಾರಿಹೋಗುತ್ತಿತ್ತು. ಅದಕ್ಕೆ ನಾನು ಒಡಪು ಹಚ್ಚಿದೆ.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಬಾಯಿಗೆ ತರುವುದಿಲ್ಲ. ಮದುವೆಯಲ್ಲಿ, ಮುಂಜಿಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು “ಹೆಸರು ಹೇಳಿ ಒಳಗ ಬಾ” ಎನ್ನುತ್ತಾರೆ. ಆಗ ಎರಡೋ ನಾಲ್ಕೋ ಸಾಲು ಪ್ರಾಸ ಕಟ್ಟಿ, ಅದರ ಕೊನೆಗೆ ಗಂಡನ ಹೆಸರು ಸೇರಿಸಬೇಕು. ಅದೇ ಒಡಪು. ಮರಾಠಿಯವರಲ್ಲೂ ಇದೆ, ಅವರು ಉಖಾಣಾ ಅನ್ನುತ್ತಾರೆ. ಒಡಪಿನಲ್ಲಿ ನಮ್ಮ ನಾಲ್ಕು ಕಟ್ಟಡಗಳಲ್ಲಿ ನನ್ನನ್ನು ಮೀರಿಸುವವರಿಲ್ಲ. ಸೊಸೆ ಮಾತ್ರ ತನ್ನ ಮದುವೆಯಲ್ಲಿ ಬರೀ ಹೆಸರು ಹೇಳಿ ತಲೆ ತಗ್ಗಿಸಿ ಒಳಗೆ ಬಂದಿದ್ದಳು. ನಾನೂ ಎಲ್ಲರ ಜೊತೆ ನಕ್ಕಿದ್ದೆ.

ಈಗ ದಿನಕ್ಕೆ ಒಂದರಂತೆ ಇತಿಹಾಸದ ಒಡಪು ಕಟ್ಟಿದೆ. ನಾನು ರೊಟ್ಟಿ ಬಡಿಯುವುದು, ಅವಳು ಬೇಯಿಸುವುದು, ಇಬ್ಬರೂ ಹೇಳುವುದು. ಒಂದು ಹೀಗಿತ್ತು:

ಕಾನ್‌ಸ್ಟಾಂಟಿನೋಪಲ್ ಕೋಟೆಗೆ ತುರ್ಕರ ತೋಪು ಬಡಿದು,
ವ್ಯಾಪಾರದ ಹಳೆ ದಾರಿ ಯುರೋಪಿನವರಿಗೆ ಕಡಿದು,
ಹೊಸ ದಾರಿ ಹುಡುಕಲಿಕ್ಕೆ ಹೊಂಟರು ಹಡಗ ಹಿಡಿದು,
ಇಂಥಾ ರಾಯರು ಬಂದರು ಮಂಡಿಯಿಂದ ಮೆಣಸಿನಕಾಯಿ ಹಿಡಿದು.

‘ಇಂಥಾ’ ಇರುವಲ್ಲಿ ನನ್ನ ಮಗನ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು ಆದದ್ದು ಸಾಕು.

ಹೆಸರು ಬೇಡ, ಬರೀ ಇತಿಹಾಸ ಇರಲಿ ಎಂದು ಸೊಸೆ ಮೊದಲೇ ಹೇಳಿದ್ದಳು. ನಾನೇ ಕೇಳಲಿಲ್ಲ. “ಹೆಸರಿಲ್ಲದ ಒಡಪು ಅಂದ್ರ ಗುಂಡಿ ಇಲ್ಲದ ಜಂಪರ್ ಇದ್ದಂಗ. ಪೂರಾ ಹೇಳು” ಅಂದೆ. ಪೂರಾ ಹೇಳಿದಳು. ಹದಿನೈದು ದಿನದಲ್ಲಿ ಇಡೀ ಪುಸ್ತಕ ಅವಳ ನಾಲಿಗೆಯ ತುದಿಗೆ ಬಂತು. ಕುರಕುಂಭದ ಕಾರಖಾನೆಯಿಂದ ಕಂಪನಿ ಬಸ್ಸಿನಲ್ಲಿ ಸಂಜೆ ಮನೆಗೆ ಬರುವ ಮಗ, ತನ್ನ ಹೆಸರು ಮಂಗೋಲರ ಕುದುರೆಗಳ ಜೊತೆ ಓಡುವುದನ್ನು ಕೇಳಿ ಚಪ್ಪಲಿ ಬಿಡುತ್ತ ನಿಲ್ಲುತ್ತಿದ್ದ. “ಅವ್ವಾ, ಇವತ್ತ ನಾ ಯಾವ ದೇಶದಾಗ ಇದ್ದೀನಿ?” ಎಂದು ಕೇಳುತ್ತಿದ್ದ.

ಪರೀಕ್ಷೆಯ ದಿನ ಸೊಸೆ ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಬಂದಳು. ಮುಖ ನೋಡಿದರೆ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

“ಕೆಟ್ಟೆ ಅತ್ಯಾರ. ನಿಮ್ಮ ಮೆಣಸಿನಕಾಯಿ ಬರದು ಬಂದೆ.”

“ಅಂದ್ರ?”

“ಕಾನ್‌ಸ್ಟಾಂಟಿನೋಪಲ್ ಬಿದ್ದಿದ್ದರ ಪರಿಣಾಮ ಬರೀರಿ ಅಂತ ಬಂದಿತ್ತು. ಮನಸ್ಸಿನಾಗ ಒಡಪು ಹೇಳಕೋತ ಮರಾಠಿಯೊಳಗ ಬರದೆ. ತೋಪು ಬರದೆ, ದಾರಿ ಬರದೆ, ಹಡಗ ಬರದೆ. ಕೈ ನಿಂದರಲಿಲ್ಲ ನೋಡ್ರಿ. ಇವರೂ ಮಂಡಿಯಿಂದ ಬಂದುಬಿಟ್ಟರು. ಹೆಸರು ಸಹಿತ.”

ನನಗೆ ನಗು ತಡೆಯಲಿಲ್ಲ. ಅವಳು ನಗಲಿಲ್ಲ. ಆಗ ಹೇಳಿದಳು, ಉತ್ತರ ಪತ್ರಿಕೆಯೊಳಗೆ ತನ್ನದಾಗಲಿ ಮನೆಯವರದಾಗಲಿ ಹೆಸರು ಬರೆಯಬಾರದಂತೆ. ಬರೆದರೆ ತಿದ್ದುವವರಿಗೆ ಗುರುತು ಕೊಟ್ಟಂತೆ, ಅದು ಕಾಪಿ ಹೊಡೆದಷ್ಟೇ ದೊಡ್ಡ ತಪ್ಪಂತೆ. ನನ್ನ ನಗು ಅಲ್ಲಿಗೇ ನಿಂತಿತು.

“ಹೊಡದು ಹಾಕಬೇಕಿತ್ತಿಲ್ಲೋ?”

“ಹೊಡದೆ. ಐದು ನಿಮಿಷ ಉಳಿದಾಗ ಕಣ್ಣಿಗೆ ಬಿತ್ತು. ಗಾಬರ್‍ಯಾಗಿ ಗೀಚಾಕ ಹತ್ತಿದ್ದೆ, ಅಷ್ಟರಾಗ ಮೇಡಮ್ ಬಂದರು.”

ಕೋಣೆ ಕಾಯುತ್ತಿದ್ದ ಮೇಡಮ್ ಮರಾಠಿಯವರು, ವಯಸ್ಸಾದವರು. ಉತ್ತರವನ್ನು ಬಗ್ಗಿ ಓದಿದರಂತೆ, ಆಮೇಲೆ ಫೈಲನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರಂತೆ. “ಹಾ ಉಖಾಣಾ ಆಹೇ ಕಾ?”, ಇದು ಒಡಪೇನು ಎಂದು ಕೇಳಿ, ಗೀಚಿದಷ್ಟೂ ಸಂಶಯ ಬರುತ್ತದೆ, ಒಂದೇ ನೆಟ್ಟಗಿನ ಗೆರೆ ಎಳೆ ಎಂದರಂತೆ. ಎಳೆದಳು. ಆದರೆ ಮುಂದಿನದು ತಿದ್ದುವವರ ಕೈಯಲ್ಲಿದೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದೂ ಹೇಳಿದರಂತೆ.

ಆಮೇಲಿನ ಆರು ವಾರ ಮನೆಯಲ್ಲಿ ಮೆಣಸಿನಕಾಯಿಯ ಮಾತು ಯಾರೂ ಎತ್ತಲಿಲ್ಲ. ಪಕ್ಕದ ಕಟ್ಟಡದಲ್ಲಿ ಅರಿಶಿನ ಕುಂಕುಮಕ್ಕೆ ಕರೆದಾಗ ಒಡಪು ಹೇಳೆಂದರು, ಗಂಟಲು ಕಟ್ಟಿದೆ ಎಂದೆ. ಒಂದು ಸಲ ಅವಳ ಪರೀಕ್ಷೆ ತಪ್ಪಿಸಿದ್ದೆ. ಈ ಸಲ ಬರೆಸಿ ಕೆಡಿಸಿದೆನೇ ಎಂಬುದೊಂದು ಹುಳ ಒಳಗೆ ಕೊರೆಯುತ್ತಿತ್ತು. ರೊಟ್ಟಿಯನ್ನು ಬಡಿಯುವುದು, ಬೇಯಿಸುವುದು ಎರಡನ್ನೂ ನಾನೇ ಮಾಡಿದೆ. ಅವಳು ಒಂದು ದಿನ ನೋಡಿದಳು, ಎರಡು ದಿನ ನೋಡಿದಳು, ಮೂರನೆಯ ದಿನ ಲಟ್ಟಣಿಗೆ ಹಿಡಿದು ಬಂದು, “ಅತ್ಯಾರ, ಹಿಂಗ ಮಾಡಿದರ ನನಗ ಇನ್ನಷ್ಟು ಹೆದರಿಕಿ ಬರತದ. ಮೊದಲಿನಂಗ ಬೈರಿ” ಅಂದಳು. ಚಪಾತಿ ದಪ್ಪ ಆಯಿತೆಂದು ಬೈದೆ. ಇಬ್ಬರಿಗೂ ಹಗುರಾಯಿತು.

ಜೂನ್ ಮೊದಲ ವಾರ ಪರೀಕ್ಷೆಯ ನಿಕಾಲು ಬಂತು. ಮೊಬೈಲಿನಲ್ಲಿ ನೋಡಿದವಳು ಮೊಮ್ಮಗಳು. “ಅಜ್ಜಿ, ಐವತ್ತೆಂಟು! ಮಮ್ಮಿ ಪಾಸ್!” ಎಂದು ಕೂಗಿದಳು. ಸೊಸೆ ಒಲೆಯ ಮುಂದೆ ನಿಂತಲ್ಲಿಯೇ ನಿಂತಳು. ಹಾಲು ಉಕ್ಕಿ ಹೋಯಿತು, ನಾನೇ ಹೋಗಿ ಒಲೆ ಆರಿಸಿದೆ. ಮಗ ಫೋನಿನಲ್ಲಿ ಸುದ್ದಿ ಕೇಳಿ, “ಅದರಾಗ ನನ್ನ ಹೆಸರಿಗೆ ಎಷ್ಟು ಗುಣ ಕೊಟ್ಟಾರ?” ಅಂದ. “ನಿನ್ನ ಹೆಸರಿನ ಮ್ಯಾಲೆ ಗೆರಿ ಎಳದದ್ದಕ್ಕ ಕೊಟ್ಟಾರ” ಅಂದೆ.

ಶಾಲೆಯವರು ಸೋಮವಾರ ಹಾಜರಾಗಲು ಹೇಳಿದರು. ಭಾನುವಾರ ಮಗ ಗೋಡೆಯ ಕ್ಯಾಲೆಂಡರಿನ ಮುಂದೆ ಕನ್ನಡಕ ಹಾಕಿಕೊಂಡು ನಿಂತ.

“ಅವ್ವಾ, ನಾಳೆ ಅಮಾಸಿ ಅದ. ಬುಧವಾರ ಛಲೋ ಅದ, ಬುಧವಾರ ಬರತೀನಿ ಅಂತ ಫೋನ್ ಮಾಡಲಿ ಇಕಿ.”

“ಅಮಾಸಿ ಇರಲಿ, ಗ್ರಹಣ ಇರಲಿ, ನಾಳೆನ ಹೋಗಲಿ” ಅಂದೆ. “ಒಮ್ಮೆ ಮುಹೂರ್ತ ನೋಡಿದ್ದಕ್ಕ ಹದಿನೆಂಟು ವರ್ಷ ಹೋದವು. ನಾ ಮುಹೂರ್ತ ನೋಡೋದು ಮುಗೀತು.”

ಮಗ ಕನ್ನಡಕ ತೆಗೆದ. ಸೊಸೆ ಇಸ್ತ್ರಿ ಮಾಡುತ್ತಿದ್ದವಳು ಒಂದು ಕ್ಷಣ ನನ್ನನ್ನೇ ನೋಡಿ, ಮತ್ತೆ ಸೀರೆಯ ಕಡೆ ಬಗ್ಗಿದಳು.

ಸೋಮವಾರ ಬೆಳಿಗ್ಗೆ ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ನಾನು ಬಾಗಿಲಿಗೆ ಅಡ್ಡ ಕೈ ಇಟ್ಟೆ.

“ಹೆಸರು ಹೇಳಿ ಹೊರಗ ಹೋಗು.”

“ರಿಕ್ಷಾ ನಿಂತದ, ಅತ್ಯಾರ!”

“ನಿಲ್ಲಲಿ.”

ಅವಳು ಒಂದು ಗಳಿಗೆ ಸೂರು ನೋಡಿದಳು. ಆಮೇಲೆ ಇಡೀ ಮಹಡಿಗೆ ಕೇಳುವಂತೆ ಹೇಳಿದಳು:

“ಪಶ್ಚಿಮದ ರೋಮ್ ಬಿತ್ತು, ಪೂರ್ವದ ರೋಮ್ ಬಿತ್ತು,
ಇಂಥಾ ರಾಯರ ಮನಿಯಾಗ ಅತ್ತಿ ರಾಜ್ಯ ಇನ್ನೂ ಇತ್ತು!”

ಎದುರು ಮನೆಯವರು ಬಾಗಿಲು ತೆರೆದು ಚಪ್ಪಾಳೆ ಹೊಡೆದರು. ಅವರಿಗೆ ಕನ್ನಡ ಬಾರದು, ಆದರೆ ಒಡಪು ಎಂಬುದು ಗೊತ್ತಾಗಿತ್ತು. ನಾನು ಕೈ ತೆಗೆದೆ. ಅವಳು ಎರಡೆರಡು ಮೆಟ್ಟಿಲು ಇಳಿದು ಓಡಿದಳು. ಪ್ರಾಸ ಅಷ್ಟೇನೂ ಗಟ್ಟಿ ಇರಲಿಲ್ಲ, ಸಂಜೆ ಬಂದ ಮೇಲೆ ಹೇಳಿದರಾಯಿತು ಎಂದು ಒಳಗೆ ಹೋಗಿ ಸಂಡಿಗೆ ಕರಿಯಲು ಎಣ್ಣೆ ಇಟ್ಟೆ.