ಕರಡಿಯ ಪಾಲಿನ ಬುಟ್ಟಿ

ಬ್ರಹ್ಮಸಮುದ್ರದ ಆಚೆಯ ಗುಡ್ಡದಲ್ಲಿ ಸೀತಾಫಲ ಕಿತ್ತು ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮಾರುವುದು ಪೆದ್ದಕ್ಕನ ಬದುಕು. ಆ ಮನೆತನಕ್ಕೊಂದು ಕಟ್ಟಳೆ. ಹಣ್ಣಿನ ಕಾಲದಲ್ಲಿ ದಿನವೂ ಮೊದಲ ಬುಟ್ಟಿಯನ್ನು ಗವಿಯ ಬಾಯಲ್ಲಿ ಕರಡಿಗೆ ಇಟ್ಟು ಬರಬೇಕು. ಅದರ ಪಾಲು ಅದಕ್ಕೆ ಸಂದರೆ ನಮ್ಮ ತಂಟೆಗೆ ಬಾರದು ಎಂದು ಅತ್ತೆ ಹೇಳಿಕೊಟ್ಟಿದ್ದಳು.

ಗುಡ್ಡದ ನೆತ್ತಿಯ ಕುರುಚಲು ಕಾಡನ್ನು ಬೋಳಿಸಿ ನೀಲಗಿರಿ ನೆಟ್ಟ ವರ್ಷ ಗವಿಯ ಸುತ್ತ ಜೆಸಿಬಿ ಗದ್ದಲ. ಪೆದ್ದಕ್ಕ ಬುಟ್ಟಿಯನ್ನು ನಡುಗುಡ್ಡದ ಬಂಡೆಗೆ ಇಳಿಸಿದಳು. ಮರುವರ್ಷ ನೀಲಗಿರಿ ಅಲ್ಲಿಗೂ ಬಂತು, ಬುಟ್ಟಿ ತಪ್ಪಲಿನ ಹುಣಸೆಮರದ ಬುಡಕ್ಕೆ ಹೋಯಿತು. ಈ ಸಲ ಮನೆಯ ಹಿಂದಿನ ಹೊಲದ ಬದುವಿಗೆ. ಎಲ್ಲಿಟ್ಟರೂ ಬೆಳಗಾಗುವಷ್ಟರಲ್ಲಿ ಖಾಲಿ. ಅವಳಿಗೆ ಅದೇ ಸಮಾಧಾನ.

ಬಾಣಂತನಕ್ಕೆ ಹಿಂದೂಪುರದಿಂದ ಬಂದಿದ್ದ ಮಗಳು ಹರಿತಾ ಸ್ಕೂಲ್ ಟೀಚರು. ಕೂಸಿಗೆ ಹಾಲೂಡಿಸುತ್ತ ಹೇಳಿದಳು:

"ಅಮೆಜಾನಿನಾಗೆ ದನ ಮೇಯ್ಸಾಕೆ ಕಾಡು ಸುಡ್ತಾರಮ್ಮ. ಬೋರ್ನಿಯೋದಾಗೆ ಎಣ್ಣೆ ತಾಳೆಗೆ ಕಡೀತಾರೆ. ನಮ್ ಗುಡ್ಡ ಆಕಾಶದಿಂದ ನೋಡಿದ್ರೆ ಹಸುರಾಗೇ ಐತೆ. ಸರ್ಕಾರದೋರು ನೀಲಗಿರೀನೂ ಕಾಡಿನ ಲೆಕ್ಕಕ್ಕೆ ಸೇರಿಸ್ಬುಡ್ತಾರೆ."

"ಅಲ್ಲಿ ಮೃಗಗಳಿಗೆ ಪಾಲು ಇಕ್ಕೋರು ಯಾರು?"

"ನೀನೇ ಹೋಗಿ ಇಕ್ಕಿ ಬಾ, ವಿಮಾನ ಹತ್ತಿಸ್ತೀನಿ."

ಮಾರನೇ ಬೆಳಿಗ್ಗೆ ಕುರಿ ಹೊಡೆದುಕೊಂಡು ಬಂದ ಲಿಂಗಣ್ಣ ಹಿತ್ತಲಲ್ಲಿ ನಿಂತುಬಿಟ್ಟ. ಕೂಸಿಗೆ ನೀರು ಹುಯ್ಯುವ ಕಲ್ಲಿನವರೆಗೆ ಕರಡಿಯ ಹೆಜ್ಜೆ ಮೂಡಿತ್ತು.

"ನೀನೇ ಕೈ ಹಿಡ್ಕೊಂಡು ಕರ್ಕೊಂಡ್ ಬಂದಂಗಾತು ಕಣಮ್ಮ," ಅಂದ. "ಗವಿಯಿಂದ ಬಂಡೆ, ಬಂಡೆಯಿಂದ ಹುಣಸೆಮರ, ಅಲ್ಲಿಂದ ಬದು. ಇನ್ನು ಉಳಿದಿರೋದು ನಿನ್ ಹೊಸ್ತಿಲು."

ಪೆದ್ದಕ್ಕ ಬುಟ್ಟಿ ತುಂಬಿಕೊಂಡು ಗುಡ್ಡ ಹತ್ತಿದಳು. ನೀಲಗಿರಿ ಸಾಲುಗಳಲ್ಲಿ ಒಂದು ಹಕ್ಕಿಯ ಸದ್ದೂ ಇಲ್ಲ. ಹಳೆಯ ಜಾಗದಲ್ಲೇ, ಗವಿಯ ಬಾಯಲ್ಲಿ, ಹಣ್ಣಿಟ್ಟು ಕೈ ಮುಗಿದು ಇಳಿದಳು. ಮರುದಿನ ಹೋಗಿ ನೋಡಿದರೆ ಬುಟ್ಟಿ ಇಟ್ಟಂತೆಯೇ ಇದೆ, ಇರುವೆ ಮುತ್ತಿದೆ. ಗವಿಯ ಬಾಯಿಗೆ ಜೇಡರಬಲೆ ಕಟ್ಟಿದೆ. ಅಲ್ಲಿಗೆ ಕರಡಿ ಬಂದು ಎಷ್ಟು ಕಾಲವಾಯಿತೋ.

ಏದುಸಿರು ಬಿಡುತ್ತ ಮನೆಗೆ ಬಂದವಳೇ ಕೂಸಿನ ಬಟ್ಟೆಗಳನ್ನು ಗಂಟು ಕಟ್ಟತೊಡಗಿದಳು.

"ಹಿಂದೂಪುರಕ್ಕೆ ನಡಿಯೇ, ಸಂಜೆ ಬಸ್ಸಿಗೇ."

"ಬಾಣಂತನ ಮುಗಿದಿಲ್ವಲ್ಲಮ್ಮ. ನಮ್ಮತ್ತೆ ಏನಂದ್ಕೊಂತಾರೆ?"

"ಏನಾದ್ರೂ ಅಂದ್ಕೊಳ್ಲಿ, ಮೊದ್ಲು ಏಳು."

ಹೊರಗೆ ಇನ್ನೂ ಬಿಸಿಲಿತ್ತು. ಹಿತ್ತಲ ಬೇಲಿ ಲಟಲಟನೆ ಮುರಿದ ಸದ್ದಾಯಿತು. ಬೊಗಳಬೇಕಾದ ನಾಯಿ ಬಾಲ ಮುದುರಿಕೊಂಡು ಒಳಗೆ ನುಗ್ಗಿ ಮಂಚದಡಿ ತೂರಿಕೊಂಡಿತು.