ಅವರೆ ಬೇರಿನ ಗಂಟು

ಕೆಂಚಾರ್ಲಹಳ್ಳಿಯ ವೆಂಕಟರತ್ನಮ್ಮನವರಿಗೆ ಬೇರಿನಲ್ಲಿ ಗಂಟು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಅವರ ಹಿಪ್ಪುನೇರಳೆ ತೋಟಕ್ಕೆ ಬೇರುಗಂಟು ರೋಗ ತಗುಲಿ, ರೇಷ್ಮೆ ಹುಳುವಿಗೆ ಸೊಪ್ಪಿಲ್ಲದೆ ಪರದಾಡಿದ್ದರು. ಕೊನೆಗೆ ಗಿಡವನ್ನೆಲ್ಲ ಕಿತ್ತು ಆ ಜಾಗಕ್ಕೆ ಅವರೆ ಬಿತ್ತಿದ್ದರು.

ಅವರೆ ಸಾಲಿನಲ್ಲಿ ಕಳೆ ತೆಗೆಯುವಾಗ ಒಂದು ಗಿಡ ಬೇರು ಸಮೇತ ಕೈಗೆ ಬಂತು. ಬೇರಿನ ತುಂಬ ಗಂಟು! "ಅಯ್ಯೋ, ಇದಕ್ಕೂ ಬಂತಾ!" ಎಂದು ಪಕ್ಕದ್ದನ್ನೂ ಕಿತ್ತರು, ಅದರ ಪಕ್ಕದ್ದನ್ನೂ ಕಿತ್ತರು. ಒಂದು ಸಾಲು ನೆಲಕ್ಕೆ ಮಲಗಿದ ಮೇಲೆ ಕೈ ನಿಂತಿತು. ಕಿತ್ತ ಗಿಡಗಳೆಲ್ಲ ಕಡುಹಸಿರು, ರೋಗ ಬಿದ್ದ ಹಿಪ್ಪುನೇರಳೆಯ ಹಾಗೆ ಹಳದಿಯಾಗಿರಲಿಲ್ಲ. ಬದುವಿನ ಮೇಲೆ ಕೂತು ಒಂದು ಗಂಟನ್ನು ಉಗುರಿನಿಂದ ಮೀಟಿದರು. ಹಿಪ್ಪುನೇರಳೆಯಲ್ಲಿ ಬೇರೇ ಬಾತುಕೊಂಡಿರುತ್ತಿತ್ತು, ಬಿಡಿಸಲು ಬರುತ್ತಿರಲಿಲ್ಲ. ಇದು ಮಣಿಯ ಹಾಗೆ ಉದುರಿತು. ಹಿಚುಕಿದರೆ ಒಳಗೆ ತಿಳಿಗೆಂಪು.

ಸೊಸೆ ಹರಿತಾ ಚಿಂತಾಮಣಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಸಂಜೆ ಆಕೆ ಚಪ್ಪಲಿ ಬಿಡುವ ಮುಂಚೆಯೇ ಅತ್ತೆ ಬೇರನ್ನು ಮುಂದೆ ಹಿಡಿದರು.

"ಇದು ರೋಗ ಅಲ್ಲ ಅತ್ತೆ. ಗಂಟಿನೊಳಗೆ ಬ್ಯಾಕ್ಟೀರಿಯಾ ಇರ್ತವೆ. ಗಾಳೀಲಿರೋ ಸಾರಜನಕಾನ ಗೊಬ್ಬರ ಮಾಡಿ ಗಿಡಕ್ಕೆ ಕೊಡ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತೆ."

"ಒಳಗೆ ಹೋಗಿದ್ದು ಹೆಂಗೆ? ಬೀಜದಲ್ಲೇ ಇರ್ತಾವಾ?"

"ಇಲ್ಲ, ಮಣ್ಣಲ್ಲಿರ್ತವೆ. ಬೇರು ತಾನೇ ಕರೆಯುತ್ತೆ. ಬೇರಿನ ಕೂದಲಂಥ ಎಳೆಯೊಳಗಿಂದ ಹೋಗಿ ಮನೆ ಮಾಡ್ಕೊಳ್ತವೆ."

"ಬಾಯಿಲ್ಲದ ಬೇರು ಕರೆಯುತ್ತಾ?"

ಹರಿತಾ ನಕ್ಕಳು. "ಒಂಥರಾ ವಾಸನೆ ಅಂದ್ಕೊಳ್ಳಿ. ನಾನೂ ಓದಿದ್ದೀನಷ್ಟೆ, ಮಾಡಿ ನೋಡಿಲ್ಲ."

"ಹಂಗಾದ್ರೆ ನೋಡೇಬಿಡಣ."

ಮಾರನೇ ದಿನ ವೆಂಕಟರತ್ನಮ್ಮ ಹೊಲದ ಮರಳುಮಣ್ಣನ್ನು ಹಳೇ ಪಾತ್ರೆಗೆ ತುಂಬಿ, ನೀರು ಸುರಿದು, ಹಿತ್ತಲ ಸೌದೆ ಒಲೆಯ ಮೇಲಿಟ್ಟರು. ಗಂಡ ವೆಂಕಟರಾಮಪ್ಪ ಮೂಗು ಮುಚ್ಚಿಕೊಂಡು ಬಂದರು.

"ಏನೇ ಇದು, ಇವತ್ತು ಮುದ್ದೆಗೆ ಮಣ್ಣಿನ ಸಾರಾ?"

"ಒಳಗಿರೋ ಜೀವ ಹೋಗ್ಲಿ ಅಂತ ಬೇಯಿಸ್ತಿದ್ದೀನಿ. ಸೌದೆ ಮುಂದಕ್ಕೆ ತಳ್ಳಿ."

ಒಂದು ಕುಂಡಕ್ಕೆ ಬೇಯಿಸಿದ ಮಣ್ಣು, ಇನ್ನೊಂದಕ್ಕೆ ಹಸಿಮಣ್ಣು. ಎರಡಕ್ಕೂ ಅವರೆ ಬೀಜ, ಕುದಿಸಿ ಆರಿಸಿದ ನೀರು. ಮೊದಮೊದಲು ಎರಡೂ ಒಂದೇ ಥರ ಬೆಳೆದವು. ವೆಂಕಟರಾಮಪ್ಪ ದಿನಾ ಗೇಲಿ ಮಾಡಿದರು. ತಿಂಗಳು ಕಳೆದ ಮೇಲೆ ಬೇಯಿಸಿದ ಮಣ್ಣಿನ ಗಿಡಗಳ ಎಲೆ ಹಳದಿಯಾಯಿತು. ಅತ್ತೆ ಸೊಸೆ ಒಂದೊಂದು ಗಿಡ ಕಿತ್ತು ತೊಳೆದರು. ಹಸಿಮಣ್ಣಿನ ಬೇರಿಗೆ ಗಂಟೋ ಗಂಟು. ಇನ್ನೊಂದರ ಬೇರು ನುಣ್ಣಗಿತ್ತು.

ವೆಂಕಟರತ್ನಮ್ಮ ಹೊಲದಿಂದ ಒಂದು ಹಿಡಿ ಮಣ್ಣು ತಂದು, ಉಳಿದಿದ್ದ ಹಳದಿ ಗಿಡಗಳ ಬುಡಕ್ಕೆ ಕಲಸಿದರು. ಕೆಲವು ವಾರಗಳಲ್ಲಿ ಸುಳಿ ಹಸಿರಾಗಿ ಬಂತು. ಗಂಡನನ್ನು ಕೈ ಹಿಡಿದು ಎಳೆತಂದರು. "ಹೌದಲ್ಲೇ!" ಎಂದವರೇ ಅವರು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು.

ಈಗ ಕಾಯಿ ಮುಗಿದ ಮೇಲೆ ಅವರೆ ಗಿಡ ಕೀಳಲು ವೆಂಕಟರತ್ನಮ್ಮ ಯಾರಿಗೂ ಬಿಡುವುದಿಲ್ಲ. ಬುಡಕ್ಕೆ ಕೊಯ್ಯಿಸಿ, ಮುಂದಿನ ಬೆಳೆಗೆ ಗೊಬ್ಬರವಾಗಲಿ ಎಂದು ಬೇರನ್ನು ಮಣ್ಣಿಗೇ ಬಿಡುತ್ತಾರೆ. ಮೊನ್ನೆ ಸೊಸೆಯ ಜೊತೆ ಹೋಗಿ ಕೆರೆ ಏರಿಯ ಪಕ್ಕ ಹಳದಿ ಹೂವಿನ ತಂಗಡಿ ಗಿಡವೊಂದನ್ನು ಅಗೆದರು. ಕಾಯಿ ಅವರೆಯಂತೆಯೇ ಚಪ್ಪಟೆ, ಬೇರಿನಲ್ಲಿ ಮಾತ್ರ ಒಂದು ಗಂಟೂ ಇಲ್ಲ.

"ಹರಿತಮ್ಮ, ಇದರಲ್ಲಿ ಯಾಕಿಲ್ಲ?"

"ಗೊತ್ತಿಲ್ಲ ಅತ್ತೆ."

ವೆಂಕಟರತ್ನಮ್ಮ ಗುದ್ದಲಿ ಹಿಡಿದು ಪಕ್ಕದ ಗಿಡದ ಬುಡಕ್ಕೆ ಸರಿದರು.