ಕಾರಿಲ್ಲದ ಸೀಟುಗಳ ಮನೆ

ಬೆಳಕು ಇನ್ನೂ ಓಣಿಯೊಳಗೆ ಇಳಿದಿಲ್ಲ. ಚಿಂತಾಮಣಿ ಬಸ್ ನಿಲ್ದಾಣದ ಹಿಂಬದಿಯ ಓಣಿಯಲ್ಲಿ, ತಮ್ಮ ಮನೆ ಮುಂದಿನ ತಗಡಿನ ಚಪ್ಪರದ ಕೆಳಗೆ, ಗಂಗುಲಮ್ಮ ಚಾಪೆಯ ಮೇಲೆ ಕೂತು ಕಾರಿನ ಸೀಟೊಂದರ ಹೊಟ್ಟೆ ಬಗೆಯುತ್ತಿದ್ದಾರೆ. ಹೊರಗಿನಿಂದ ನೋಡಿದರೆ ಸೀಟಿಗೆ ಯಾವ ಕಾಯಿಲೆಯೂ ಇಲ್ಲ. ದಾಳಿಂಬೆ ಕೆಂಪಿನ ಹೊಸ ರೆಕ್ಸಿನ್, ಅಂಚಿಗೆ ಬಿಳಿ ಪಟ್ಟಿ, ಮದುವೆ ಗಂಡಿನ ಮಿರುಗು. ಇಕ್ಕಳದಿಂದ ಪಿನ್ನುಗಳನ್ನು ಕಿತ್ತು ರೆಕ್ಸಿನ್ ಮಗುಚಿದರೆ ಮೊದಲು ಬೆರಳುದಪ್ಪದ ಫೋಮ್. ಅದರ ಕೆಳಗೆ ಗೋಣಿಚೀಲ. ಅದರ ಕೆಳಗೆ ಮಡಿಚಿ ಮಡಿಚಿ ತುರುಕಿದ ಫ್ಲೆಕ್ಸ್ ಬ್ಯಾನರು. ಬಿಡಿಸಿ ಹಾಸಿದಾಗ ಯಾರೋ ನಾಯಕರು ಕೈಮುಗಿದು ನಗುತ್ತಾರೆ. ಸುತ್ತಲೂ ಅವರಿಗೆ ಹುಟ್ಟುಹಬ್ಬದ ಶುಭಾಶಯ ಕೋರುವ ಅಭಿಮಾನಿಗಳ ಮುಖಗಳ ಸಾಲು.

"ನೋಡಿ ಸಾರ್, ಇಷ್ಟು ಜನದ ಮೇಲೆ ಕೂತ್ಕೊಂಡು ಗೌರಿಬಿದನೂರಿಂದ ಬಂದಿದ್ದೀರ. ಸೊಂಟ ನೋಯದೆ ಇನ್ನೇನಾಗ್ತದೆ?"

ಚಹಾ ಲೋಟ ಹಿಡಿದು ನಿಂತಿರುವ ಸಾರ್ ಹೆಸರು ಮುರಳಿಮೋಹನ್. ಶಿಡ್ಲಘಟ್ಟದಲ್ಲಿ ಬ್ಯಾಂಕ್ ಅಧಿಕಾರಿ. ಓಣಿಗೆ ಅಡ್ಡವಾಗಿ ನಿಂತ ಕೆನೆಬಣ್ಣದ ಅಂಬಾಸಿಡರ್ ಅವರದು; ಹೋದ ವಾರ ಗೌರಿಬಿದನೂರಿನ ಒಬ್ಬರಿಂದ ಕೊಂಡದ್ದು. ಪೂರ್ತಿ ಸಿದ್ಧವಾದ ಹಳೇ ಕಾರು, ಕೀಲಿ ತಿರುಗಿಸಿ ಹೋಗುವುದಷ್ಟೇ ಎಂದು ಮಾರಿದವರು ಹೇಳಿದ್ದರು. ಆ ಮಾತು ಸುಳ್ಳಲ್ಲ, ಕಾರು ಹೋಗುತ್ತದೆ. ಆದರೆ ಯಾರಿಗಾಗಿ ಕೊಂಡರೋ ಆ ಮನುಷ್ಯ, ಎಂಬತ್ತೊಂದರ ತಂದೆ ಮುನಿಶಾಮಪ್ಪ, "ಇದು ಬೇರೆ ಯಾರದೋ ಮದುವೆ ಕಾರು" ಎಂದು ಹತ್ತಲು ಒಪ್ಪುತ್ತಿಲ್ಲ. ಸೊಂಟನೋವಿನ ನೆಪ ಮಾಡಿಕೊಂಡು ಮಗ ಬೆಳಗಾಗುವ ಮುಂಚೆ ಇಲ್ಲಿ ಬಂದು ನಿಂತಿರುವುದು ಅದಕ್ಕೆ.

ಹಾಲಿನ ಕ್ಯಾನು ಹೊತ್ತ ಕೋನಪ್ಪನ ಮೊಪೆಡ್ ಕಾರಿನ ಪಕ್ಕ ತೂರಲಾಗದೆ ಹಾರನ್ ಬಾರಿಸುತ್ತದೆ. "ಸ್ವಲ್ಪ ತಡಿಯಪ್ಪ, ಇಲ್ಲೊಬ್ಬರ ಸಂಸಾರ ರಿಪೇರಿ ಆಗ್ತಿದೆ" ಎನ್ನುತ್ತಾರೆ ಗಂಗುಲಮ್ಮ, ತಲೆ ಎತ್ತದೆ.

ಊರಿನವರಿಗೆ ಅವರು ಕುಶನ್ ಗಂಗುಲಮ್ಮ. ಹುಟ್ಟಿದ್ದು ಕೆಂಚಾರ್ಲಹಳ್ಳಿ. ತಂದೆ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಸೀಟು ಹೊಲಿಯುತ್ತಿದ್ದರು. ಮಗಳು ಶಾಲೆಯ ರಜೆಗಳಲ್ಲಿ ತೆಂಗಿನ ನಾರು ಬಿಡಿಸಿ ಕೊಡುತ್ತ ಕೊಡುತ್ತ ದಬ್ಬಣ ಹಿಡಿದರು. ಮದುವೆಯಾಗಿ ಚಿಂತಾಮಣಿಗೆ ಬಂದಾಗ ಗಂಡ ವೆಂಕಟರವಣಪ್ಪ ಸ್ಪ್ರಿಂಗ್ ಕಟ್ಟುವ ಕೆಲಸದಲ್ಲಿದ್ದರು. ಈಗ ಅವರ ಕಣ್ಣು ಮಂಜಾಗಿದೆ. ಸ್ಪ್ರಿಂಗ್ ಸರಿಯಿದೆಯೋ ಇಲ್ಲವೋ ಎಂದು ಕೂತು ಹೇಳುವುದು ಅವರ ಪಾಲಿಗೆ ಉಳಿದ ಹೊಣೆ. "ನಮ್ಮನೇಲಿ ಕೂತ್ಕೊಳ್ಳೋದೇ ಒಂದು ಉದ್ಯೋಗ" ಎಂದು ಮಗಳು ಹರಿಣಿ ಚುಚ್ಚುತ್ತಾಳೆ. "ಕೂತ್ಕೊಳ್ಳೋಕೂ ವಿದ್ಯೆ ಬೇಕು ಕಣಮ್ಮ. ಒಂದು ಗಂಟೆ ಅಲ್ಲಾಡದೆ ಕೂತು ನೋಡು ಗೊತ್ತಾಗ್ತದೆ" ಎಂದು ಅಪ್ಪ ಕೂತಲ್ಲಿಂದಲೇ ಉತ್ತರಿಸುತ್ತಾರೆ.

ದಿನಕ್ಕೆ ಎಂಟು ಗಂಟೆ ದುಡಿದರೆ ಒಂದು ಉದ್ದ ಸೀಟಿಗೆ ನಾಲ್ಕು ದಿನ. ಹೊಲಿಯುವುದು ಗಂಗುಲಮ್ಮನಿಗೆ ಎಂದೂ ಬೇಸರ ತಂದಿಲ್ಲ. ಸಿಟ್ಟು ತರಿಸುವುದು ಹೊಲಿದ ಮೇಲಿನ ಕಥೆ. ಹಳೇ ಕಾರನ್ನು ಮನೆಯಲ್ಲೇ ಸರಿಮಾಡುತ್ತೇನೆಂದು ಹೊರಟವರೆಲ್ಲ ಮೊದಲ ಭಾನುವಾರ ಬಿಚ್ಚುವುದು ಸೀಟನ್ನೇ. ಇಂಜಿನ್ನಿಗೆ ಕೈಹಾಕಲು ಧೈರ್ಯ ಬೇಕು, ತುಕ್ಕು ತೆಗೆಯಲು ಸಹನೆ ಬೇಕು. ಸೀಟಿಗೆ ನಾಲ್ಕು ಬೋಲ್ಟು ಸಾಕು. ಸಂಜೆಯೊಳಗೆ ಕಾರು ಅರ್ಧ ಖಾಲಿಯಾಗಿ, ಕೆಲಸ ಭರದಿಂದ ಸಾಗಿದೆ ಎನ್ನಿಸುತ್ತದೆ. ಸೋಮವಾರ ಆ ಸೀಟು ಗೂಡ್ಸ್ ಆಟೋದಲ್ಲಿ ಈ ಓಣಿಗೆ ಬರುತ್ತದೆ. ಎಲ್ಲಕ್ಕಿಂತ ಕೊನೆಗೆ ಸೇರಬೇಕಾದ ವಸ್ತು ಎಲ್ಲಕ್ಕಿಂತ ಮೊದಲು ಸಿದ್ಧವಾಗಿ, ಬಾರದ ಕಾರಿಗಾಗಿ ಕಾಯುತ್ತದೆ.

ಹಾಗೆ ಕಾಯುವವು ಮನೆ ತುಂಬ ಇವೆ. ಅಟ್ಟದ ಮೇಲೆ ಪ್ಲಾಸ್ಟಿಕ್ ಸುತ್ತಿದ ಕಾಂಟೆಸ್ಸಾ ಸೀಟು. ಬಚ್ಚಲ ಗೋಡೆಗೆ ಒರಗಿದ ಫಿಯಟ್ ಸೀಟು. ಅಕ್ಕಿ ಡ್ರಮ್ಮಿನ ಹಿಂದೆ ಯಾವುದೋ ಜೀಪಿನದು. ತಂದವರ ಫೋನ್ ನಂಬರು ಈಗ ಬೇರೆ ಯಾರಿಗೋ ಸೇರಿದೆ. ಎಲ್ಲರೂ ಕೂಲಿಯನ್ನು ಮುಂಗಡವಾಗಿಯೇ ಕೊಟ್ಟುಹೋಗಿದ್ದಾರೆ, ಹಾಗಾಗಿ ಬೈಯುವುದಕ್ಕೂ ದಾರಿಯಿಲ್ಲ.

"ನನ್ನತ್ರ ಎರಡು ಥರ ಜನ ಬರ್ತಾರೆ. ಒಬ್ರು ಬಿಚ್ಚಿದ್ದನ್ನ ತರ್ತಾರೆ, ಇನ್ನೊಬ್ರು ಮುಚ್ಚಿದ್ದನ್ನ ತರ್ತಾರೆ. ಬಿಚ್ಚಿದೋರಿಗೆ ಕಟ್ಟೋದು ಗೊತ್ತಿಲ್ಲ. ಮುಚ್ಚಿದ್ದು ತಂದೋರಿಗೆ ಒಳಗೇನಿದೆ ಗೊತ್ತಿಲ್ಲ. ನಾನಂತೂ ಎಲ್ರಿಗೂ ಕೈಮುಗಿದು ಹೇಳ್ತೀನಿ, ರೆಡಿ ಇರೋದನ್ನೇ ತಗೊಳ್ಳಿ, ಅದು ಓಡಾದ್ರೂ ಓಡ್ತದೆ ಅಂತ. ಯಾರು ಕೇಳ್ತಾರೆ? ಫೋನಲ್ಲಿ ವಿಡಿಯೋ ನೋಡ್ಕೊಂಡೇ ಬಂದಿರ್ತಾರೆ."

ಮುರಳಿಮೋಹನ್ ಮೊದಲು ಬಿಚ್ಚಿದವರ ಸಾಲಿನಲ್ಲಿದ್ದರು. ಅವರ ತಂದೆ ಮಂಡಿಕಲ್ ಹೋಬಳಿಯಲ್ಲಿ ಜಮೀನಿದ್ದವರು, ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದವರು. ಮೂವತ್ತು ವರ್ಷ ಒಂದೇ ಅಂಬಾಸಿಡರ್ ಓಡಿಸಿದರು. ಹಿಂದಿನ ಸೀಟಿನ ಮೇಲೆ ಗೂಡಿನ ಮೂಟೆ ಹೇರಿಕೊಂಡು ಶಿಡ್ಲಘಟ್ಟ ಮಾರುಕಟ್ಟೆಗೆ ಹೋಗುತ್ತಿದ್ದರು. ಐದು ವರ್ಷದ ಹಿಂದೆ ಅಪ್ಪನ ಹುಟ್ಟುಹಬ್ಬಕ್ಕೆ ಕಾರನ್ನು ಹೊಸದರಂತೆ ಮಾಡಿಕೊಡುವ ಆಸೆ ಮಗನಿಗೆ ಬಂತು. ಬಿಚ್ಚಿದರು. ಸೀಟು ಇಲ್ಲಿಗೆ ಬಂತು. "ಮುಂದಿನ ಯುಗಾದಿಗೆ ಕಾರು ರೆಡಿ" ಎಂದರು. ಕಾರು ಇಂದಿಗೂ ಊರಿನ ಕೊಟ್ಟಿಗೆಯಲ್ಲಿ ಇಟ್ಟಿಗೆಗಳ ಮೇಲೆ ನಿಂತಿದೆ. ಬಾನೆಟ್ಟಿನೊಳಗೆ ಕೋಳಿ ಕಾವಿಗೆ ಕೂತಿದೆ ಎಂಬ ವರದಿ ಮುನಿಶಾಮಪ್ಪನವರದು.

"ಓಡ್ತಿದ್ದ ಕಾರು! ಬೇಡ ಕಣೋ ಅಂದೆ. ಏಂ ಚೆಪ್ಪೇದಮ್ಮಾ, ಏನಂತ ಹೇಳ್ಲಿ, ಬ್ಯಾಂಕಿನವನಿಗೆ ಸ್ಪ್ಯಾನರ್ ಕೊಟ್ಟೋರು ಯಾರು ಅಂತ" ಎಂದು ಅವರು ಗಂಗುಲಮ್ಮನ ಮುಂದೆ ಅದೆಷ್ಟು ಸಲ ಹಣೆ ಚಚ್ಚಿಕೊಂಡಿದ್ದಾರೋ. ಏಕೆಂದರೆ ಕಾರು ಇಟ್ಟಿಗೆ ಏರಿದ ಮೇಲೆ ಮುನಿಶಾಮಪ್ಪ ಸೀಟನ್ನು ನೋಡಲು ಬರತೊಡಗಿದರು. ಮೊದಲ ಸಲ ಬಂದಾಗ ಬಾಗಿಲಲ್ಲೇ ನಿಂತರು. ಅವರ ಕಡೆಯ ಹಿರಿಯರಿಗೆ ಈ ಓಣಿಯ ಮನೆಗಳ ಹೊಸಿಲು ದಾಟುವ ರೂಢಿಯಿಲ್ಲ. ಆದರೆ ಸೀಟು ಒಳಗಿತ್ತು. ಕಾರಿನ ಹಿಂದಿನ ಸೀಟು ಅಟ್ಟದ ಮೇಲೆ; ಮುಂದಿನದು ಪಡಸಾಲೆಯಲ್ಲಿ, ಬಾಬಾಸಾಹೇಬರ ಫೋಟೋದ ಕೆಳಗೆ, ಗೋಡೆಗೆ ಒತ್ತಿಕೊಂಡು. ಸ್ವಲ್ಪ ಹೊತ್ತು ಕಿಟಕಿಯ ಕಂಬಿ ಹಿಡಿದು ಯೋಚಿಸಿದವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಚಹಾ ಕುಡಿದದ್ದು ಮೂರನೆಯ ಭೇಟಿಯಲ್ಲಿ. ಈಗ ಸಕ್ಕರೆ ಕಮ್ಮಿಯಾದರೆ ಕೂಗಿ ಕೇಳುತ್ತಾರೆ.

ಕೂತು ಸುಮ್ಮನಿರುವವರೂ ಅಲ್ಲ. ಬಲ ತೊಡೆ ಸ್ವಲ್ಪ ನೋವು. ಸ್ಟೀರಿಂಗ್ ಕಡೆ ಒಂದಿಷ್ಟು ತಗ್ಗಬೇಕು, ಇನ್ನೂ ಒಂದಿಷ್ಟು, ಅಯ್ಯೋ ಅಷ್ಟಲ್ಲ. ಗಂಗುಲಮ್ಮ ಆ ಮೂಲೆಯನ್ನು ಬಿಚ್ಚಿ ಹೊಲಿದು, ಮತ್ತೆ ಬಿಚ್ಚಿ ಹೊಲಿದು, ಕಡೆಗೆ ಮುನಿಶಾಮಪ್ಪನವರ ಸೊಂಟಕ್ಕೂ ಸೀಟಿಗೂ ರಾಜಿ ಮಾಡಿಸಿದರು. "ನೀವೂ ಕೂತ್ಕೊಳ್ರಮ್ಮ, ಖಾಲಿ ಬಿಟ್ರೆ ಇಲಿ ಸೇರ್ತದೆ" ಎಂದು ಯಜಮಾನರೇ ಅಪ್ಪಣೆ ಕೊಟ್ಟದ್ದರಿಂದ ಅದು ಈ ಮನೆಯ ಸೋಫಾ ಆಯಿತು. ಹರಿಣಿ ಪದವಿಯ ಪರೀಕ್ಷೆಗೆ ಓದಿದ್ದು ಅದರ ಮೇಲೆ. ವೆಂಕಟರವಣಪ್ಪನವರ ಮಧ್ಯಾಹ್ನದ ನಿದ್ದೆಯೂ ಅದರ ಮೇಲೆ.

ಆ ಸೀಟಿನ ಕಡೆಗೇ ಗಂಗುಲಮ್ಮ ಈಗ ದಬ್ಬಣ ತೋರಿಸುತ್ತಾರೆ. "ಅದನ್ನ ಎತ್ಕೊಂಡ್ಹೋಗಿ ಈ ಕಾರಿಗೆ ಹಾಕ್ಕೊಳ್ಳಿ ಸಾರ್. ಯಜಮಾನ್ರು ಹತ್ತಿಲ್ಲ ಅಂದ್ರೆ ಆಮೇಲೆ ಹೇಳಿ."

"ಮ್ಯಾಚ್ ಆಗಲ್ವಲ್ಲಮ್ಮ. ಅದು ಪಾಚಿ ಹಸಿರು, ಇಲ್ಲಿ ಬಾಗಿಲೆಲ್ಲ ಕೆಂಪು."

"ನಿಮ್ಮಪ್ಪ ಬಾಗಿಲ ಮೇಲೆ ಕೂತ್ಕೊಳ್ತಾರಾ?"

ಒಳಗಿಂದ ವೆಂಕಟರವಣಪ್ಪನವರ ನಗು. ಮುರಳಿಮೋಹನ್ ನಗುವುದಿಲ್ಲ. ಬಣ್ಣ ಒಂದು ನೆಪ ಎಂಬುದು ಅವರ ಮುಖದಲ್ಲೇ ಇದೆ. "ಅದು ಆ ಕಾರಿನ ಸೀಟಮ್ಮ. ಅದನ್ನ ನಾನೇ ಕೈಯಾರೆ ಮುಗಿಸ್ಬೇಕು ಅಂತಿದೀನಿ. ಇಂಜಿನ್ ಒಂದು ಕೂತ್ರೆ, ಮುಂದಿನ ಯುಗಾದಿಗೆ..."

ಗಂಗುಲಮ್ಮ ದಬ್ಬಣ ಕೆಳಗಿಡುತ್ತಾರೆ. "ಸಾರ್, ನಿಮ್ಮಪ್ಪನಿಗೆ ಇನ್ನೂ ಎಷ್ಟು ಯುಗಾದಿ ಇಟ್ಕೊಂಡಿದ್ದೀರ?"

ಮುರಳಿಮೋಹನ್ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ಲೋಟ ಕೆಳಗಿಟ್ಟು, ಸ್ಪ್ಯಾನರ್ ಕೇಳುತ್ತಾರೆ.

ಸೀಟು ಬಿಚ್ಚುವುದರಲ್ಲಿ ಅವರಿಗೆ ಅನುಭವವಿದೆ. ಸಿದ್ಧ ಕಾರಿನ ಉಳಿದ ಸೀಟೂ ನಿಮಿಷಗಳಲ್ಲಿ ಹೊರಬರುತ್ತದೆ. ಅದನ್ನು ಹಿಡಿದಿದ್ದ ಬೋಲ್ಟುಗಳಲ್ಲಿ ಅರ್ಧ ನಾಪತ್ತೆ. ಗೌರಿಬಿದನೂರಿನಿಂದ ಇಲ್ಲಿಯವರೆಗೆ ಸೀಟು ಉಳಿದದ್ದು ಕೂತವರ ಭಾರದಿಂದಲೇ ಇರಬೇಕು. ನೆಲಕ್ಕೆ ಹೊಸ ತಗಡು ಬೆಸೆದವರು ತೂತುಗಳನ್ನು ತಮಗೆ ತೋಚಿದಲ್ಲಿ ಕೊರೆದಿದ್ದಾರೆ. ಹಸಿರು ಸೀಟಿನ ಕಾಲಿಗೆ ಅವು ಹೊಂದುವುದಿಲ್ಲ. ವೆಂಕಟರವಣಪ್ಪ ಪಕ್ಕದ ಮನೆಯ ಆವಲಪ್ಪನಿಂದ ಡ್ರಿಲ್ ತರಿಸಿ, ಬೆರಳಲ್ಲಿ ತಡವಿ ಜಾಗ ಹೇಳುತ್ತಾರೆ. ಹೊಳೆಯುವ ಹೊಸ ಬಣ್ಣದೊಳಗೆ ಡ್ರಿಲ್ ಇಳಿಯುವಾಗ ಮುರಳಿಮೋಹನ್ ಮುಖ ತಿರುಗಿಸಿ ನಿಲ್ಲುತ್ತಾರೆ.

ಹನ್ನೊಂದರ ಬಸ್ಸಿಗೆ ಮುನಿಶಾಮಪ್ಪ ಎಂದಿನಂತೆ ತಮ್ಮ ಸೀಟು ನೋಡಲು ಬರುತ್ತಾರೆ. ಓಣಿಯಲ್ಲಿ ನಿಂತ ಕಾರಿನ ಕಡೆ ನೋಡದೆ ನೇರ ಒಳಗೆ ನಡೆದವರು ಪಡಸಾಲೆಯಲ್ಲಿ ಗಕ್ಕನೆ ನಿಲ್ಲುತ್ತಾರೆ. ಸೀಟಿದ್ದ ಜಾಗದಲ್ಲಿ ಬೋಳು ನೆಲ, ಒಂದು ಬಾಚಣಿಗೆ, ಹರಿಣಿಯ ಕಳೆದುಹೋಗಿದ್ದ ಪೆನ್ನು.

"ಮಾರ್ಬಿಟ್ನಾ? ಗಂಗುಲಮ್ಮ, ಅದನ್ನೂ ಮಾರ್ಬಿಟ್ನಾ ಅವನು?"

"ಹೊರಗೆ ಬನ್ನಿ ಯಜಮಾನ್ರೇ, ಕೂಗಾಡ್ಬೇಡಿ."

ಕಾರಿನ ಬಾಗಿಲು ತೆಗೆದು ಅವರು ಮೊದಲು ಅಂಗೈಯಲ್ಲಿ ಬಲಮೂಲೆಯನ್ನು ಒತ್ತುತ್ತಾರೆ. ತಗ್ಗು ಸಿಗುತ್ತದೆ. ಹತ್ತಿ ಕೂರುತ್ತಾರೆ. ಮದುವೆ ಕಾರಿನ ಮಾತು ಎಲ್ಲಿಗೋ ಹೋಗುತ್ತದೆ.

"ಅಪ್ಪ, ಆ ಕಡೆ ಸರೀರಿ. ನಾನು ಓಡಿಸ್ತೀನಿ."

"ತಗ್ಗಿರೋದು ಈ ಕಡೆ ಕಣೋ. ಹೋದ ವರ್ಷ ಲೈಸೆನ್ಸ್ ರಿನ್ಯೂ ಮಾಡ್ಸಿದೀನಿ. ಲೈಸೆನ್ಸಿಗೇನೂ ಆಗಿರ್ಲಿಲ್ಲ, ಕಾರಿಗೆ ತಾನೇ ಆಗಿದ್ದು?"

ಲೈಸೆನ್ಸಿನ ವಿಷಯ ಮಗನಿಗೆ ಗೊತ್ತಿರಲಿಲ್ಲ. ಅವರು ಸುತ್ತಿಬಂದು ಪಕ್ಕದಲ್ಲಿ ಕೂರುತ್ತಾರೆ, ಕೈ ಮಾತ್ರ ಹ್ಯಾಂಡ್‌ಬ್ರೇಕಿನ ಮೇಲೆ. "ನೀನೂ ಹತ್ತು ತಾಯಿ" ಎಂದು ಮುನಿಶಾಮಪ್ಪ ಹಿಂದಿನ ಬಾಗಿಲು ತೋರಿಸುತ್ತಾರೆ. ಅಲ್ಲಿಯೂ ಅಟ್ಟದಿಂದ ಇಳಿಸಿದ ಹಸಿರು ಸೀಟೇ ಕೂತಿದೆ. ಗಂಗುಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. ಇಷ್ಟು ವರ್ಷ ಇಷ್ಟೊಂದು ಕಾರಿಗೆ ಸೀಟು ಹೊಲಿದ ಅವರು, ತಾವು ಹೊಲಿದ ಸೀಟಿನ ಮೇಲೆ ಕೂತು ಎಲ್ಲಿಗೂ ಹೋದವರಲ್ಲ. ಮುಗಿದ ಕಾರುಗಳೂ ಇವೆ. ಅವುಗಳ ಮೊದಲ ಸುತ್ತಿಗೆ ಮೆಕ್ಯಾನಿಕ್ಕನ್ನು ಕರೆಯುತ್ತಾರೆ, ಪೂಜೆಯವರನ್ನು ಕರೆಯುತ್ತಾರೆ. ಸೀಟಿನವರನ್ನು ಕರೆಯಬೇಕೆಂದು ಯಾರಿಗೂ ತೋಚಿಲ್ಲ.

ಓಣಿಯ ತುದಿಯವರೆಗೆ ಎಂಬ ಒಪ್ಪಂದ ಮುರುಗಮಲ್ಲದವರೆಗೆ ಎಳೆಯುತ್ತದೆ. ದರ್ಗಾದ ಬಳಿ ಚಹಾ ಆಗುತ್ತದೆ. ಮುನಿಶಾಮಪ್ಪ ಗೇರು ಬದಲಿಸುವಾಗೆಲ್ಲ ಇಂಜಿನ್ನನ್ನು ಬೈಯುತ್ತಾರೆ, ಮಗನನ್ನು ಬೈಯುತ್ತಾರೆ. ಸೀಟಿನ ಬಗ್ಗೆ ಒಂದು ಮಾತೂ ಇಲ್ಲ. ಅವರ ನಾಲಿಗೆಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಹೊರಡುವುದಿಲ್ಲವೆಂದು ಗಂಗುಲಮ್ಮನಿಗೆ ಗೊತ್ತು. ಗಂಗುಲಮ್ಮನಂತೂ ಕಿಟಕಿಯ ಆಚೆ ನೋಡುತ್ತಿಲ್ಲ, ಕಿವಿಗೊಟ್ಟು ಕೂತಿದ್ದಾರೆ. "ಎಡಗಡೆ ಒಂದು ಸ್ಪ್ರಿಂಗ್ ಕಿರ್ ಅಂತಿದೆ. ಭಾನುವಾರ ತನ್ನಿ ಸಾರ್" ಎನ್ನುತ್ತಾರೆ ಇಳಿಯುವಾಗ. ಎರಡು ಹೆಜ್ಜೆ ಇಟ್ಟವರು ತಿರುಗಿ ಬೆರಳೆತ್ತಿ ಸೇರಿಸುತ್ತಾರೆ: "ಬಿಚ್ಚಿಕೊಂಡು ತರಬೇಡಿ. ಕಾರ್ ಸಮೇತ ಬನ್ನಿ."

ಸಂಜೆ ಪಡಸಾಲೆ ಅಗಲವಾಗಿದೆ. ಐದು ವರ್ಷದಿಂದ ಯಾವ ಜಾಗಕ್ಕಾಗಿ ಗಂಗುಲಮ್ಮ ಗೊಣಗುತ್ತಿದ್ದರೋ ಆ ಜಾಗ ಸಿಕ್ಕಿದೆ, ಮೂವರೂ ನೆಲದ ಮೇಲೆ ಕೂತಿದ್ದಾರೆ. ವೆಂಕಟರವಣಪ್ಪ ಗೋಡೆಗೆ ಒರಗಿ, ಸರಿಹೋಗದೆ, ಮತ್ತೆ ಒರಗುತ್ತಾರೆ. ಅಟ್ಟದ ಮೇಲಿನ ಕಾಂಟೆಸ್ಸಾ ಸೀಟು ಇಳಿಸೋಣವೇ ಎಂಬ ಸಲಹೆಯೂ ಅವರದೇ. "ಅದು ಬೇರೆಯವರ್ದು. ಅವರು ಕೂತ್ಕೊಳ್ಳಿ ಅಂದಿಲ್ಲ" ಎಂದು ಗಂಗುಲಮ್ಮ ಅದನ್ನು ಅಲ್ಲಿಗೇ ಮುಗಿಸುತ್ತಾರೆ.

ಹರಿಣಿ ಫೋನು ಮುಂದೆ ಹಿಡಿಯುತ್ತಾಳೆ. "ಅಮ್ಮ, ನೋಡಿಲ್ಲಿ. ರೆಡಿ ಸೋಫಾ. ನಾಳೆನೇ ಮನೆಗೆ ತಂದು ಇಟ್ಟು ಹೋಗ್ತಾರೆ. ನೀನೇ ತಾನೇ ಎಲ್ರಿಗೂ ಹೇಳೋದು, ರೆಡಿ ಇರೋದನ್ನೇ ತಗೊಳ್ಳಿ ಅಂತ?"

ಗಂಗುಲಮ್ಮ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಪರದೆಯ ಮೇಲಿನ ಸೋಫಾವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಬಾಗಿಲ ಬಳಿ ಸುರುಳಿ ಸುತ್ತಿಟ್ಟ ಫ್ಲೆಕ್ಸಿನಿಂದ ನಾಯಕರು ಕೈಮುಗಿದು ನಗುತ್ತಲೇ ಇದ್ದಾರೆ.

"ಒಳಗೆ ಏನೇನು ತುರುಕಿರ್ತಾರೋ, ಯಾರನ್ನ ಮಲಗಿಸಿರ್ತಾರೋ. ಬೇಡ. ನಮ್ಮನೇದು ನಾನೇ ಮಾಡ್ತೀನಿ. ಎಷ್ಟೊತ್ತಿನ ಕೆಲಸ ಅದು?"

ವೆಂಕಟರವಣಪ್ಪ ನೆಲದ ಮೇಲೆ ಇನ್ನೊಂದು ಮಗ್ಗುಲಿಗೆ ಹೊರಳುತ್ತಾರೆ.

"ಯಾವ ಯುಗಾದಿಗೆ?"